ಬೆಟ್ಟ ಕಂಡ ಮೇಲೆ

ಬ್ಯಾಟರಾಯಪ್ಪನಿಗೆ ಒಬ್ಬನೇ ಎಲ್ಲಿಗೂ ಹೋಗಿ ಗೊತ್ತಿಲ್ಲ. ಹಳೇ ಯಲಹಂಕದ ಮೂಲೆ ಹೋಟೆಲಿನಲ್ಲಿ ಕಾಫಿ ಕುಡಿಯಬೇಕಾದರೂ ಜೊತೆಗೆ ಇಬ್ಬರಿರಬೇಕು, ಕಟಿಂಗ್ ಶಾಪಿಗೆ ಹೋದರೂ ಪಕ್ಕದ ಕುರ್ಚಿಯಲ್ಲಿ ಪರಿಚಯದವರೊಬ್ಬರು ಕೂತಿರಬೇಕು. ಬಾಗಲೂರಿನ ದೊಡ್ಡ ಒಕ್ಕಲು ಮನೆಯಲ್ಲಿ ಅಣ್ಣತಮ್ಮಂದಿರ ಮಕ್ಕಳ ನಡುವೆ ಒತ್ತಿಕೊಂಡು ಮಲಗಿ ಬೆಳೆದವನು. ಹೊಲಗಳು ಲೇಔಟಾಗಿ, ಯಲಹಂಕದಲ್ಲಿ ಮೂರಂತಸ್ತಿನ ಮನೆ ಎದ್ದು, ತಾನೇ ನಾಲ್ಕು ಜನಕ್ಕೆ ಮನೆ ಕಟ್ಟಿಕೊಡುವ ಕಂಟ್ರಾಕ್ಟರಾದ ಮೇಲೂ ಆ ಚಾಳಿ ಬಿಡಲಿಲ್ಲ. ಬೆಳಗಾದರೆ ವರಾಂಡದ ತುಂಬ ಜನ, ಕಿವಿಯ ತುಂಬ ಫೋನು. ಹೆಂಡತಿ ನಾಗಲಕ್ಷ್ಮಿ ಕರೆದರೂ ಸರಿ, ಒಬ್ಬಳೇ ಮಗಳು ಹರ್ಷಿತಾ ಕರೆದರೂ ಸರಿ, ಅವನ ಬಾಯಲ್ಲಿ ಒಂದೇ ಮಾತು: "ಜನ ಇದಾರೆ, ಆಮೇಲೆ ಮಾಡ್ತೀನಿ." ಆ ಆಮೇಲೆ ಬಂದದ್ದನ್ನು ಕಂಡವರು ಕಡಿಮೆ.

ಸಂಕ್ರಾಂತಿ ಕಳೆದ ಭಾನುವಾರ ಅಪರೂಪಕ್ಕೆ ವರಾಂಡ ಖಾಲಿಯಿತ್ತು. ನಾಗಲಕ್ಷ್ಮಿ ಅಡುಗೆಮನೆಯ ನೆಲದಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು, ಎದುರಿಗೆ ಹರ್ಷಿತಾ. ಕೆಂಪಾಪುರದ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ, ದಿನವಿಡೀ ಊರವರ ಸೊಂಟ ಮಂಡಿ ನೀವಿ ನೀವಿ ಗಟ್ಟಿಯಾದ ಬೆರಳುಗಳು. ಅವಳು ಒತ್ತಿದರೆ ಬೇಳೆ ಚಿಮ್ಮಿ ಸೀದಾ ಬಟ್ಟಲಿಗೇ ಬೀಳುತ್ತಿತ್ತು. ಅವತ್ತು ಮಾತ್ರ ಅರ್ಧಕ್ಕರ್ಧ ನೆಲಕ್ಕೆ ಬೀಳುತ್ತಿತ್ತು. ಮುಂದಿನ ತಿಂಗಳು ಅವಳ ಮದುವೆ. ಗಂಡು ಚಿಕ್ಕಜಾಲದ ಯಶವಂತ್, ಅಪ್ಪನ ಜೊತೆ ಅಪಾರ್ಟ್‌ಮೆಂಟ್ ಕಟ್ಟಿಸುವವನು, ನೋಡಲು ಲಕ್ಷಣವಾಗಿದ್ದವನು, ಹಿರಿಯರನ್ನು ಕಂಡರೆ ಬಗ್ಗಿ ಕಾಲು ಮುಟ್ಟುವವನು. ಅವನನ್ನು ಹುಡುಕಿ ತಂದವನು ಬ್ಯಾಟರಾಯಪ್ಪನೇ. ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವನೂ ಅವನೇ.

"ಅಪ್ಪ, ಮದ್ವೆಗೆ ಮುಂಚೆ ಒಂದ್ಸಲ ಮಾಕಳಿದುರ್ಗಕ್ಕೆ ಹೋಗಣ," ಎಂದಳು ಹರ್ಷಿತಾ, ತಲೆ ಎತ್ತದೆ. "ರೈಲಲ್ಲಿ. ನಾವಿಬ್ರೇ."

ಬ್ಯಾಟರಾಯಪ್ಪನ ಕೈಯಲ್ಲಿದ್ದ ಕಾಫಿ ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

ಮಾಕಳಿದುರ್ಗವೆಂದರೆ ದೊಡ್ಡಬಳ್ಳಾಪುರ ದಾಟಿದ ಮೇಲೆ ಸಿಗುವ ಕಲ್ಲುಬೆಟ್ಟ. ನೆತ್ತಿಯ ಮೇಲೆ ಹಳೇ ಕೋಟೆ. ಯಾವ ಪಾಳೇಗಾರ ಕಟ್ಟಿಸಿದನೋ, ಯಾರು ಕೆಡವಿದರೋ, ಈಗ ಉಳಿದಿರುವುದು ಕುಸಿದ ಗೋಡೆಗಳು, ಒಂದು ಈಶ್ವರನ ಗುಡಿ, ಬಿಸಿಲು ಕಾಯುತ್ತ ಕೂತ ಒಬ್ಬ ಬಸವಣ್ಣ. ಯಲಹಂಕದಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದರೆ ರಾಜಾನುಕುಂಟೆ, ದೊಡ್ಡಬಳ್ಳಾಪುರ ಆದ ಮೇಲೆ ದಾರಿ ಬೆಟ್ಟಗಳ ನಡುವೆ ಬಳಸಿಕೊಂಡು ಹೋಗುತ್ತದೆ. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಕಿಟಕಿಯ ತುಂಬ ಕೋಟೆ ಕಾಣುತ್ತದೆ.

ಹರ್ಷಿತಾ ಎರಡನೇ ಕ್ಲಾಸಿನಲ್ಲಿದ್ದಾಗ ಮೊದಲ ಸಲ ಹೋದದ್ದು. ಮನೆತನದ ಮಕ್ಕಳನ್ನೆಲ್ಲ ಹೊರಡಿಸಿಕೊಂಡು ಹೋಗುವುದೆಂದೇ ಇತ್ತು. ಆದರೆ ಬಾಗಲೂರಿನ ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಸೀತಾಳೆ ಸಿಡುಬು ಹತ್ತಿ, ಕೊನೆಗೆ ಉಳಿದವರು ಅಪ್ಪ ಮಗಳು ಇಬ್ಬರೇ. ಬ್ಯಾಟರಾಯಪ್ಪನಿಗೆ ಮಾತಾಡಲು ಇನ್ಯಾರೂ ಇರಲಿಲ್ಲ, ಆಗ ಕೈಯಲ್ಲಿ ಫೋನೂ ಇರಲಿಲ್ಲ. ಆ ತಿರುವಿನಲ್ಲಿ ಕೋಟೆ ಕಂಡದ್ದೇ ತಡ, ಮಗು ಅಳುಮೋರೆ ಮಾಡಿಕೊಂಡು, ನಿನ್ನ ವಾಚನ್ನು ನೀರಿನ ಸಂಪಿಗೆ ಹಾಕಿದ್ದು ನಾನೇ ಎಂದಿತು. ಒಂದು ವಾರದಿಂದ ಮನೆಯವರನ್ನೆಲ್ಲ ಕಳ್ಳರ ಹಾಗೆ ವಿಚಾರಿಸುತ್ತಿದ್ದವನಿಗೆ ಹೊಡೆಯಲು ಕೈ ಎದ್ದಿತ್ತು. ಮಗುವಿನ ಮುಖ ನೋಡಿ ನಗು ಬಂತು. ಅವತ್ತು ಅಪ್ಪ ಮಗಳ ನಡುವೆ ಒಂದು ಕಟ್ಟಳೆ ಹುಟ್ಟಿತು: ಬೆಟ್ಟ ಕಂಡ ಮೇಲೆ ಹೇಳಿದ ಮಾತಿಗೆ ಬೈಯುವ ಹಾಗಿಲ್ಲ.

ಆಮೇಲೆ ವರ್ಷಕ್ಕೊಮ್ಮೆ, ಪರೀಕ್ಷೆ ಮುಗಿದ ಭಾನುವಾರ, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಸಿಕೊಂಡು ಇಬ್ಬರೂ ಹೋಗಿ ಬರುತ್ತಿದ್ದರು. ಅಪ್ಪನ ಸಹಿಯನ್ನು ತಾನೇ ಹಾಕಿಕೊಂಡದ್ದು, ಭರತನಾಟ್ಯದ ಕ್ಲಾಸಿಗೆ ಹೋಗದೆ ಗೆಳತಿಯ ಮನೆಯಲ್ಲಿ ಟೀವಿ ನೋಡಿದ್ದು, ಎಂಜಿನಿಯರಿಂಗ್ ಬೇಡ ಎಂದದ್ದು, ಎಲ್ಲ ಹೊರಬಿದ್ದದ್ದು ಆ ತಿರುವಿನಲ್ಲೇ. ಅವಳು ಕಾಲೇಜಿಗೆ ಸೇರಿದ ಮೇಲೆ ಅವನಿಗೆ ಪುರುಸೊತ್ತಾಗಲಿಲ್ಲ. ಈಗ ಇಷ್ಟು ವರ್ಷದ ಮೇಲೆ, ಮದುವೆ ಬಾಗಿಲಿಗೆ ಬಂದಿರುವಾಗ, ಮಗಳು ಮಾಕಳಿದುರ್ಗ ಎನ್ನುತ್ತಿದ್ದಾಳೆ. ಅವಳ ಹೊಟ್ಟೆಯಲ್ಲಿ ಒಂದು ಮಾತಿದೆ ಎಂದು ತಿಳಿಯಲು ಜೋಯಿಸರನ್ನು ಕೇಳಬೇಕೇ.

"ಹೋಗಣ ಬಿಡು ಪುಟ್ಟಿ, ಅದಕ್ಕೇನು," ಎಂದು ಅವನು ಎದ್ದುಹೋದ. ಕಾಫಿ ಅರ್ಧ ಹಾಗೇ ಉಳಿದಿತ್ತು.

ಅವನಿಗೆ ಭಯವಾಗಿತ್ತು. ಸುಮ್ಮನೆ ಮುಚ್ಚಿಟ್ಟು ಹೇಳುವುದೇಕೆ, ಚೆನ್ನಾಗಿಯೇ ಭಯವಾಗಿತ್ತು. ಕಾರ್ಡು ಹಂಚಿ ಆಗಿದೆ, ಛತ್ರ ಗೊತ್ತಾಗಿದೆ, ಬೀಗರು ಎಂದು ಕರೆದು ಒಂದೇ ಎಲೆಸಾಲಿನಲ್ಲಿ ಕೂತು ಉಂಡಾಗಿದೆ. ಈಗ ಮಗಳು ಬಾಯಿ ಬಿಟ್ಟು ಬೇಡ ಎಂದರೆ? ನಿಶ್ಚಯವಾದ ಮದುವೆ ಮುರಿದ ಹುಡುಗಿಯನ್ನು ಜನ ಯಾವ ಕಣ್ಣಿನಲ್ಲಿ ನೋಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು, ಏಕೆಂದರೆ ಹಾಗೆ ನೋಡುವ ಜನರಲ್ಲಿ ಅವನೂ ಒಬ್ಬನಾಗಿದ್ದ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ ಉಗುಳುವಂತಿಲ್ಲ.

ಬೇಡಬೇಡವೆಂದರೂ ಒಂದೊಂದೇ ಸಂಗತಿ ನೆನಪಾಗತೊಡಗಿತು. ಒಂದು ದಿನ ಕಾರ್ಡು ಕೊಡಲು ಕೆಂಪಾಪುರದ ಕಡೆ ಹೋದವನು ಕ್ಲಿನಿಕ್ಕಿನಲ್ಲಿ ಇಣುಕಿದ್ದ. ಮಗಳು ಯಶವಂತನ ಜೊತೆ ವಿಡಿಯೋ ಕಾಲಿನಲ್ಲಿದ್ದಳು. ಫೋನನ್ನು ಮೆಲ್ಲಗೆ ಸುತ್ತ ತಿರುಗಿಸಿ ನಾಲ್ಕು ಗೋಡೆ, ಬಾಗಿಲು, ಮಂಚದ ಮೇಲೆ ಮಲಗಿದ್ದ ಮುದುಕಪ್ಪನನ್ನು ತೋರಿಸುತ್ತಿದ್ದಳು. ಆಗ, ಆಹಾ, ಮದುವೆಗೆ ಮುಂಚೆಯೇ ಎಷ್ಟು ಅಕ್ಕರೆ, ಹೆಂಡತಿ ಕೆಲಸ ಮಾಡುವ ಜಾಗ ನೋಡಬೇಕಂತೆ ಎಂದುಕೊಂಡು ಹಿಗ್ಗಿದ್ದ. ಇನ್ನೊಂದು ಸಂಜೆ, ಸೈಟಿನಲ್ಲಿ ಮೇಸ್ತ್ರಿಗಳ ನಡುವೆ ನಿಂತಿದ್ದಾಗ ಅವಳೇ ಫೋನ್ ಮಾಡಿ, ಅಪ್ಪ ಎಲ್ಲಿದೀಯ ಎಂದಿದ್ದಳು. ಹಿಂದೆ ಗಾಡಿಗಳ ಹಾರ್ನು ಒಂದೇ ಸಮ ಕೇಳುತ್ತಿತ್ತು. ಅವನು ಎಂದಿನ ಮಾತು ಹೇಳಿ ಇಟ್ಟಿದ್ದ. ರಾತ್ರಿ ಊಟಕ್ಕೆ ಕೂತಾಗ ಏನಮ್ಮ ಫೋನ್ ಮಾಡಿದ್ದೆ ಎಂದರೆ, ಏನಿಲ್ಲ ಎಂದಿದ್ದಳು. ಏನಿಲ್ಲ ಎಂದ ಮೇಲೆ ಏನೂ ಇಲ್ಲ ತಾನೆ ಎಂದು ಅವನು ತನಗೇ ಸಮಾಧಾನ ಹೇಳಿಕೊಂಡ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಅಂದರೆ ಇದೇ.

ಮಾರನೆಯ ದಿನ ಬಾಗಲೂರಿನಿಂದ ಅಣ್ಣ ಲಕ್ಕಣ್ಣ ಬಂದ. ಮನೆತನಕ್ಕೆ ಹಿರಿಯ, ಬಿಳೀ ಮೀಸೆ, ಅವನು ಹೂಂ ಎನ್ನದೆ ಆ ಮನೆಯಲ್ಲಿ ಬೋರ್‌ವೆಲ್ಲನ್ನೂ ಕೊರೆಸುವುದಿಲ್ಲ. ಬ್ಯಾಟರಾಯಪ್ಪ ಮಾತಿನ ನಡುವೆ, ಮಗಳು ಮಾಕಳಿದುರ್ಗಕ್ಕೆ ಹೋಗಬೇಕು ಅಂತಾಳೆ ಎಂದ. ಹೇಳುವ ಅಗತ್ಯ ಏನಿತ್ತು? ಏನೂ ಇರಲಿಲ್ಲ. ಹೇಳಿದರೆ ಮುಂದೇನಾಗುತ್ತದೆ ಎಂದು ಗೊತ್ತಿದ್ದೇ ಹೇಳಿದ.

"ಮದ್ವೆ ಮುಂದಿಟ್ಕಂಡು ಅಪ್ಪ ಮಗ್ಳು ಇಬ್ರೇ ಬೆಟ್ಟಕ್ ಓದ್ರೆ ಚೆಂದಾಗಿರ್ತದೇನಪ್ಪ?" ಎಂದ ಲಕ್ಕಣ್ಣ. "ಮ್ಯಾಲೆ ಈಸ್ವರ ಅವ್ನೆ. ಓಗಾದು ಓಯ್ತೀವಿ, ಇಂಗೇ ಒಂದು ಪರ ಮಾಡ್ಬುಡಾನ."

ಪರವೆಂದರೆ ದೇವರ ಹೆಸರಿನಲ್ಲಿ ನೆಂಟರಿಷ್ಟರಿಗೆಲ್ಲ ಎಲೆ ಹಾಕಿ ಊಟ ಬಡಿಸುವುದು. ಅದಕ್ಕೊಂದು ಕ್ರಮವಿದೆ. ಅಣ್ಣತಮ್ಮಂದಿರ ಒಂದು ಮನೆ ಕರೆದರೆ ಎಲ್ಲ ಮನೆ ಕರೆಯಬೇಕು, ಮನೆಮನೆಯಿಂದಲೂ ತಂಬಿಟ್ಟಿನ ಆರತಿ ಬರಬೇಕು, ಒಂದು ಕಡಿಮೆಯಾದರೂ ಆ ಮನೆಯವರು ಮೂರು ತಲೆಮಾರು ಆಡಿಕೊಳ್ಳುತ್ತಾರೆ. ವೀಳ್ಯ ಬದಲಾಯಿಸಿಕೊಂಡ ಮೇಲೆ ಬೀಗರನ್ನು ಬಿಟ್ಟು ದೇವರಿಗೆ ಹೋಗುವ ಮಾತೇ ಇಲ್ಲ. ಸಂಜೆಯ ಹೊತ್ತಿಗೆ ಇಬ್ಬರ ಪ್ರಯಾಣ ನಲವತ್ತು ಜನರ ದಂಡಯಾತ್ರೆಯಾಗಿತ್ತು.

ಲಕ್ಕಣ್ಣ ಬಸ್ಸು ಮಾಡೋಣ ಎಂದಾಗ ಬ್ಯಾಟರಾಯಪ್ಪ ಮಾತ್ರ ಜಗ್ಗಲಿಲ್ಲ. ಮಗಳು ರೈಲು ಎಂದಿದ್ದಾಳೆ, ರೈಲಿನಲ್ಲೇ ಹೋಗಬೇಕು ಎಂದು ಹಟ ಹಿಡಿದ. ಅವಳು ಕೇಳಿದ್ದರಲ್ಲಿ ರೈಲನ್ನು ಉಳಿಸಿಕೊಟ್ಟು, ಇಬ್ಬರೇ ಎಂಬುದನ್ನು ನುಂಗಿಬಿಟ್ಟ. ಮಗಳ ಮಾತು ನಡೆಸಿದೆ ಎಂದು ತನ್ನ ಬೆನ್ನು ತಾನೇ ಚಪ್ಪರಿಸಿಕೊಂಡ.

ಆಮೇಲಿನ ದಿನಗಳಲ್ಲಿ ಅವನನ್ನು ಹಿಡಿಯುವವರೇ ಇಲ್ಲ. ಘಾಟಿ ಕಡೆ ಪರಿಚಯವಿದ್ದ ವಿರೂಪಾಕ್ಷನಿಗೆ ಫೋನು ಮಾಡಿ ಬೆಟ್ಟದ ಕೆಳಗಿನ ಮಾವಿನ ತೋಪಿನಲ್ಲಿ ಒಲೆ ಹೂಡಲು ಜಾಗ ಗೊತ್ತುಮಾಡಿದ. ಅಕ್ಕಿ, ಸೌದೆ, ಕೊಳಗಗಳು ಟೆಂಪೋದಲ್ಲಿ ಮುಂಚೆ ಹೋಗುವುದೆಂದಾಯಿತು. ಬೆಟ್ಟ ಹತ್ತಲು ಈಗ ಆನ್‌ಲೈನಿನಲ್ಲಿ ಹೆಸರು ಬರೆಸಬೇಕಂತೆ, ಮಂಡಿ ಗಟ್ಟಿಯಿದ್ದವರ ಹೆಸರನ್ನೆಲ್ಲ ಬರೆಸಿದ. ಯಾವ ಬೋಗಿಗೆ ಯಾರು, ಯಾರ ಕೈಯಲ್ಲಿ ಯಾವ ಪಾತ್ರೆ, ಇಳಿಯುವಾಗ ಹೆಂಗಸರು ಮಕ್ಕಳು ಮೊದಲು, ಪಾತ್ರೆ ಆಮೇಲೆ, ತಾನು ಕಡೆಗೆ. ಆ ಸ್ಟೇಷನ್ನಿನಲ್ಲಿ ರೈಲು ನಿಂತ ಶಾಸ್ತ್ರ ಮಾಡಿ ಹೊರಟುಬಿಡುತ್ತದೆ ಎಂದು ಬಾಯಿಪಾಠ ಮಾಡಿಸಿದ. ಇಷ್ಟೆಲ್ಲ ಗಲಾಟೆಯಲ್ಲಿ ಆ ತಿರುವಿನ ಯೋಚನೆ ಬರುತ್ತಿರಲಿಲ್ಲ, ಅದೇ ಅವನಿಗೆ ಬೇಕಾಗಿದ್ದದ್ದು.

ಹರ್ಷಿತಾಗೆ ವಿಷಯ ಗೊತ್ತಾದದ್ದು ಅವಳು ಕೆಲಸಕ್ಕೆ ಹೊರಟು ಗೇಟಿನ ಹತ್ತಿರ ಸ್ಕೂಟರ್ ತೆಗೆಯುವಾಗ. ಬ್ಯಾಟರಾಯಪ್ಪ ಯಾರಿಗೋ ಫೋನಿನಲ್ಲಿ ಬೀಗರಿಗೆ ಕಿಟಕಿ ಸೀಟು ಹಿಡಿಯಲು ಹೇಳುತ್ತಿದ್ದ. ಅವಳು ಕೇಳಿಸಿಕೊಂಡು ನಿಂತಳು.

"ಅವ್ರೂ ಬರ್ತಾರಾ?" ಎಂದಳು.

"ಬೀಗ್ರನ್ನ ಬಿಟ್ಟು ದೇವ್ರಿಗೆ ಹೋಗಕಾಗುತ್ತಾ ಪುಟ್ಟಿ? ನಿಂಗೇ ಒಳ್ಳೇದು, ಎಲ್ರೂ ಇರ್ತಾರೆ."

ಅವಳು ಇಬ್ರೇ ಅಂದಿದ್ದೆ ಎಂದು ಜಗಳವಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಜಗಳಕ್ಕೆ ಅವನ ಹತ್ತಿರ ಬೇಕಾದಷ್ಟು ಉತ್ತರವಿತ್ತು. ಅವಳು ಹೆಲ್ಮೆಟ್ಟು ಹಾಕಿಕೊಂಡು ಹೋದಳು. ಅವತ್ತಿನಿಂದ ಮನೆಯಲ್ಲಿ ಬೆಟ್ಟದ ಮಾತೆತ್ತಿದರೆ ಎದ್ದು ರೂಮಿಗೆ ಹೋಗುವಳು. ಊಟವೂ ಅಷ್ಟಕ್ಕಷ್ಟೆ.

ಒಂದು ಸಂಜೆ ಅವನು ಧೈರ್ಯ ಮಾಡಿ ಅವಳ ರೂಮಿನ ಬಾಗಿಲವರೆಗೆ ಹೋದ. ಕೇಳಿಯೇಬಿಡೋಣ, ಬಂದದ್ದು ಬರಲಿ ಎಂದುಕೊಂಡಿದ್ದ. ಒಳಗೆ ಅವಳ ಧ್ವನಿ ಕೇಳಿತು: "ಇಲ್ಲ, ಯಾರೂ ಇಲ್ಲ. ಒಬ್ಳೇ ಇದೀನಿ. ಬೇಕಾದ್ರೆ ನೋಡು." ಆಮೇಲೆ ಕಿಟಕಿಯ ಪರದೆ ಸರಿಸಿದ ಸದ್ದು, ಬೀರು ಬಾಗಿಲು ತೆಗೆದ ಸದ್ದು. ಬೀರುವಿನಲ್ಲಿ ಯಾರಿರುತ್ತಾರೆ? ಬ್ಯಾಟರಾಯಪ್ಪನಿಗೆ ಅರ್ಥವಾಯಿತೋ, ಅರ್ಥವಾಗದಿರಲಿ ಎಂದು ಬೇಡಿಕೊಂಡನೋ, ತಟ್ಟಲು ಎತ್ತಿದ ಕೈ ಇಳಿಸಿ ವಾಪಸ್ಸು ಬಂದು ಟೀವಿ ಜೋರು ಮಾಡಿ ಕೂತ.

ನಾಗಲಕ್ಷ್ಮಿಗೂ ಒಳಗಿನ ವಿಷಯ ಗೊತ್ತಿರಲಿಲ್ಲ. ಕೇಳಿ ಕೇಳಿ ಸಾಕಾಗಿದ್ದಳು. ನಿನಗೆ ಹೇಳಿದರೆ ನೀನು ಅಳುತ್ತೀಯ, ಅಪ್ಪನಿಗೇ ಹೇಳುತ್ತೇನೆ, ಬೆಟ್ಟಕ್ಕೆ ಹೋದಾಗ ಹೇಳುತ್ತೇನೆ ಎಂದಿದ್ದಳಂತೆ ಮಗಳು. ಹೊರಡುವ ಹಿಂದಿನ ದಿನ ತಂಬಿಟ್ಟಿಗೆ ಅಕ್ಕಿಹಿಟ್ಟು ಜರಡಿ ಹಿಡಿಯುತ್ತಿದ್ದ ನಾಗಲಕ್ಷ್ಮಿ, ಬಾಳೆ ಎಲೆ ಎಣಿಸುತ್ತಿದ್ದ ಗಂಡನನ್ನು ನೋಡಿ ನೋಡಿ ರೇಗಿದಳು.

"ಅವ್ಳು ಹೇಳೋದನ್ನ ಕೇಳಕ್ಕೆ ನಿಮ್ಗೆ ಭಯ," ಎಂದಳು. "ಅದಕ್ಕೇ ಊರನ್ನೆಲ್ಲ ಕರ್ಕೊಂಡು ಹೊರಟಿದೀರ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗ್ಲು ಹಾಕಿದ್ರಂತೆ. ಹಂಗಾಗದಿದ್ರೆ ಸಾಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಬ್ಯಾಟರಾಯಪ್ಪ ಹಾಗೆ ಸಿಡಿದ. ತನಗೇನು ಭಯ, ಇಷ್ಟು ದೊಡ್ಡ ಕೆಲಸ ಒಬ್ಬನೇ ಹೊತ್ತುಕೊಂಡು ಮಾಡುತ್ತಿದ್ದರೆ ಮೇಲಿಂದ ಇದು ಬೇರೆ ಎಂದು ಕೂಗಾಡಿದ. ಕೂಗಾಡಿ ಮುಗಿದ ಮೇಲೆ ಎಲೆ ಎಷ್ಟಾಯಿತೆಂದು ಮರೆತುಹೋಗಿತ್ತು, ಮತ್ತೆ ಮೊದಲಿನಿಂದ ಎಣಿಸಿದ. ಮತ್ತೆ ತಪ್ಪಿತು.

ಭಾನುವಾರ ಬೆಳಿಗ್ಗೆ ಯಲಹಂಕ ಸ್ಟೇಷನ್ನಿನ ಚಳಿಯಲ್ಲಿ ಇಡೀ ಮನೆತನ ನೆರೆದಿತ್ತು. ರೇಷ್ಮೆ ಸೀರೆಯ ಮೇಲೆ ಸ್ವೆಟರು ಹಾಕಿಕೊಂಡ ಹೆಂಗಸರು, ಕಿವಿಗೆ ಮಫ್ಲರು ಸುತ್ತಿದ ಗಂಡಸರು, ತಂಬಿಟ್ಟಿನ ತಟ್ಟೆಗಳು. ಲಕ್ಕಣ್ಣನ ಹೆಂಡತಿ ಸೊಣ್ಣಮ್ಮ ಒಂದು ದೊಡ್ಡ ತಪ್ಪಲೆಯ ತುಂಬ ಮನೆಯ ಮೊಸರು ತಂದಿದ್ದಳು. ಈಶ್ವರನಿಗೆ ಎಡೆಯಿಡುವ ತನಕ ಪರದ ಮೊಸರು ನೆಲ ಮುಟ್ಟಬಾರದು, ಮುಟ್ಟಿದರೆ ಮೈಲಿಗೆ ಎಂದು ಅವಳು ಅದನ್ನು ಮಗುವಿನ ಹಾಗೆ ಕೈಯಿಂದ ಕೈಗೆ ದಾಟಿಸುತ್ತಿದ್ದಳು. ಯಶವಂತ್ ಬಿಳಿ ಶರಟು ಹಾಕಿಕೊಂಡು ಅಪ್ಪ ಅಮ್ಮನ ಜೊತೆ ಬಂದ. ಬಗ್ಗಿ ಬ್ಯಾಟರಾಯಪ್ಪನ ಕಾಲು ಮುಟ್ಟಿದ. ಎಂಥ ಹುಡುಗ ನೋಡಿ ಎಂದು ಹೆಂಗಸರು ಮೆಚ್ಚಿಕೊಂಡರು.

ರೈಲಿನಲ್ಲಿ ಬ್ಯಾಟರಾಯಪ್ಪ ತಾನು ಅಂದುಕೊಂಡ ಹಾಗೇ ಎಲ್ಲರನ್ನೂ ಕೂರಿಸಿದ. ಕಿಟಕಿಗೆ ಹರ್ಷಿತಾ, ಅವಳ ಪಕ್ಕಕ್ಕೆ ಯಶವಂತ್, ಎದುರಿಗೆ ತಾನು. ದೊಡ್ಡಬಳ್ಳಾಪುರದವರೆಗೂ ಹಿಂದೆ ಮುಂದೆ ಓಡಾಡಿ ಲೆಕ್ಕ ನೋಡಿದ. ಇನ್ನು ಎದ್ದು ಹೋಗಲು ನೆಪವಿಲ್ಲದಾಗ ಬಂದು ಕೂತ. ಸೂರ್ಯ ಏರಿ ಹೊಲಗಳ ಮೇಲಿನ ಮಂಜು ಕರಗುತ್ತಿತ್ತು. ಹರ್ಷಿತಾಳ ಫೋನು ಒಮ್ಮೆ ಮಿಡಿಯಿತು. ಅವಳು ನೋಡುವ ಮೊದಲೇ ಯಶವಂತ್ ಅದನ್ನು ಅವಳ ಕೈಯಿಂದ ತೆಗೆದುಕೊಂಡ, ತನ್ನ ಕರ್ಚೀಫನ್ನು ತಾನು ತೆಗೆದುಕೊಳ್ಳುವಷ್ಟು ಸಲೀಸಾಗಿ. ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಓದಿದ. "ಕ್ಲಿನಿಕ್ಕಿಂದು," ಎಂದು ಹೇಳಿ ಫೋನನ್ನು ತನ್ನ ಜೇಬಿಗೆ ಹಾಕಿಕೊಂಡ. ಅವಳು ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಬ್ಯಾಟರಾಯಪ್ಪ ಏನಾದರೂ ಮಾತಾಡಬೇಕೆಂದು ಚಿತ್ರಾನ್ನದ ಡಬ್ಬಿ ತೆಗೆದ. ಮಗಳಿಗಾಗಿ ಬೇರೆಯಾಗಿ ಕಟ್ಟಿಸಿದ್ದು, ಕಡಲೆಬೀಜ ಜಾಸ್ತಿ ಹಾಕಿಸಿ.

"ತಿಂತೀಯ ಪುಟ್ಟಿ?" ಎಂದ.

ಹರ್ಷಿತಾ ಡಬ್ಬಿ ನೋಡಿದಳು. ಆಮೇಲೆ ಯಶವಂತನ ಮುಖ ನೋಡಿದಳು. ಅವನು ರೈಲಿನ ಡಬ್ಬಿಯಲ್ಲೇನು ತಿನ್ನೋದು ಎಂಬಂತೆ ಹುಬ್ಬು ಕುಣಿಸಿದ. "ಬೇಡಪ್ಪ," ಎಂದಳು.

ಅಷ್ಟೇ ನಡೆದದ್ದು. ಪಕ್ಕದಲ್ಲಿ ಕೂತ ಯಾರ ಕಣ್ಣಿಗೂ ಬೀಳದಷ್ಟು ಸಣ್ಣದು. ಬ್ಯಾಟರಾಯಪ್ಪನಿಗೆ ಮಾತ್ರ ಯಾರೋ ಎದೆಗೆ ಒದ್ದ ಹಾಗಾಯಿತು. ಹುಟ್ಟಿದ ಲಾಗಾಯ್ತು ಈ ಹುಡುಗಿ ಊಟಕ್ಕೆ ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ. ಅಪ್ಪನ ತಟ್ಟೆಯಿಂದಲೇ ಬೋಂಡ ಎತ್ತಿಕೊಂಡು ಓಡಿದವಳು. ಈಗ ಒಂದು ತುತ್ತಿಗೆ ಇನ್ನೊಬ್ಬನ ಹುಬ್ಬು ನೋಡುತ್ತಿದ್ದಾಳೆ. ಇದನ್ನು ಅವಳು ಎಷ್ಟು ದಿನದಿಂದ ಕಲಿತಿರಬೇಕು, ಅವನು ಹೇಗೆ ಕಲಿಸಿರಬೇಕು? ಬೀರು ಬಾಗಿಲಿನ ಸದ್ದು ಕಿವಿಯಲ್ಲಿ ಮತ್ತೆ ಕೇಳಿತು. ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ.

ಆಗ ರೈಲು ತಿರುವಿಗೆ ಬಂತು. ಮುಂದಿನ ಸಾಲಿನಿಂದ ಮಕ್ಕಳು ಕೋಟೆ ಕೋಟೆ ಎಂದು ಕಿರುಚಿದವು. ಕಿಟಕಿಯ ತುಂಬ ಬೆಟ್ಟ, ಎಳೇ ಬಿಸಿಲು ಬಿದ್ದ ಕುಸಿದ ಗೋಡೆ. ಹರ್ಷಿತಾ ಬೆಟ್ಟ ನೋಡಲಿಲ್ಲ, ಅಪ್ಪನನ್ನು ನೋಡಿದಳು. ಅದೇ ಎರಡನೇ ಕ್ಲಾಸಿನ ಮುಖ. ತುಟಿ ಬಿಚ್ಚಿತು.

"ಏನು?" ಎಂದ ಯಶವಂತ್, ಮೆತ್ತಗೆ.

"ಏನಿಲ್ಲ," ಎಂದಳು ಅವಳು.

ರೈಲು ನಿಧಾನವಾಯಿತು. ಬ್ಯಾಟರಾಯಪ್ಪ ಎದ್ದು ನಿಂತು, ಹೇಳಿಕೊಟ್ಟ ಹಾಗೆ ಇಳೀರಿ ಎಂದು ಕೂಗಿದ. ಸ್ಟೇಷನ್ ಬಂತು. ಹೆಂಗಸರು ಮಕ್ಕಳು ಇಳಿದರು, ಲಕ್ಕಣ್ಣನನ್ನು ಇಬ್ಬರು ಹಿಡಿದು ಇಳಿಸಿದರು, ಬೀಗರು ಇಳಿದರು, ತಂಬಿಟ್ಟಿನ ತಟ್ಟೆಗಳು ಇಳಿದವು. ಹರ್ಷಿತಾಳನ್ನು ಮುಂದೆ ಬಿಟ್ಟುಕೊಂಡು ಇಳಿಯಲು ಯಶವಂತ್ ಅವಳ ಭುಜಕ್ಕೆ ಕೈ ಹಾಕಿದ್ದ. ಬ್ಯಾಟರಾಯಪ್ಪ ಸೊಣ್ಣಮ್ಮ ಸೀಟಿನ ಮೇಲಿಟ್ಟು ಹೋಗಿದ್ದ ಮೊಸರಿನ ತಪ್ಪಲೆ ಎತ್ತಿದ.

"ಅಳಿಯಂದ್ರೇ, ಇದನ್ನ ಹಿಡ್ಕೊಳಿ. ಜೋಪಾನ, ನೆಲಕ್ಕೆ ಮುಟ್ಟಿಸ್ಬಾರ್ದು," ಎಂದು ಅದನ್ನು ಅವನ ಎರಡೂ ಕೈಗೆ ಕೊಟ್ಟ. "ನೀವು ಮುಂದೆ ಇಳೀರಿ. ಅವಳ್ನ ನಾನು ಇಳಿಸ್ತೀನಿ."

ಹಿರಿಯರ ಮಾತು. ಎದುರಿಗೆ ಅಷ್ಟೂ ಜನ ನೋಡುತ್ತಿದ್ದಾರೆ. ಯಶವಂತ್ ತುಂಬಿದ ತಪ್ಪಲೆ ತುಳುಕದ ಹಾಗೆ ಎದೆಗೊತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಹರ್ಷಿತಾ ಅವನ ಹಿಂದೆ ಬಾಗಿಲಿಗೆ ಕಾಲಿಟ್ಟಳು. ಬ್ಯಾಟರಾಯಪ್ಪ ಅವಳ ಮಣಿಕಟ್ಟು ಹಿಡಿದುಕೊಂಡ.

"ಕೂತ್ಕೊ," ಎಂದ.

ಅವಳು ತಿರುಗಿ ನೋಡಿದಳು. ಅಷ್ಟರಲ್ಲಿ ರೈಲು ಕದಲಿತು. ಇಳಿರೋ ಇಳಿರೋ ಎಂದು ಲಕ್ಕಣ್ಣ ಕೋಲು ಎತ್ತಿಕೊಂಡು ಕೂಗಿದ, ಬೀಗರು ಬಾಯಿ ಬಿಟ್ಟು ನಿಂತರು. ಯಶವಂತ್ ಓಡಲು ಹೋದ, ಮೊಸರು ಶರಟಿನ ಮೇಲೆ ತುಳುಕಿತು. ತಪ್ಪಲೆ ಕೆಳಗಿಡಲು ಬಗ್ಗಿದರೆ ಸೊಣ್ಣಮ್ಮ ಅಯ್ಯೋ ಮೈಲಿಗೆ ಎಂದು ಕೈ ಅಡ್ಡ ಹಿಡಿದಳು. ನಾಗಲಕ್ಷ್ಮಿ ಮಾತ್ರ ಕೂಗಲಿಲ್ಲ. ಎರಡೂ ಕೈಯಲ್ಲಿ ತಂಬಿಟ್ಟಿನ ತಟ್ಟೆ ಹಿಡಿದುಕೊಂಡು, ಬಾಗಿಲಲ್ಲಿ ನಿಂತ ಗಂಡನನ್ನು ನೋಡಿ, ಹೂಂ ಎನ್ನುವ ಹಾಗೆ ಒಮ್ಮೆ ತಲೆ ಆಡಿಸಿದಳು.

ಬೋಗಿಯಲ್ಲಿ ಗೌರಿಬಿದನೂರಿಗೆ ಹೋಗುವ ನಾಲ್ಕಾರು ಜನ ಬಿಟ್ಟರೆ ಯಾರೂ ಇರಲಿಲ್ಲ. ಅಪ್ಪ ಮಗಳು ಎದುರುಬದುರು ಕೂತರು. ಕಿಟಕಿಯಲ್ಲಿ ಕೋಟೆ ಇನ್ನೂ ಇತ್ತು, ಹಿಂದಕ್ಕೆ ಸರಿಯುತ್ತಿತ್ತು.

"ಬೆಟ್ಟ ಕಾಣ್ತಾ ಇದೆ ಪುಟ್ಟಿ," ಎಂದ. "ನಾನು ಬೈಯಲ್ಲ."

ಹೇಳುವಾಗ ಅವಳು ಅಳಲಿಲ್ಲ, ಅದು ಅವನಿಗೆ ಇನ್ನೂ ಕಷ್ಟವಾಯಿತು.

"ಅಪ್ಪ, ಅವ್ನು ಹೆಬ್ಬಾಳದ ಫ್ಲೈಓವರ್ ಮೇಲೆ ಕಾರ್ ನಿಲ್ಸಿ ಹೊಡ್ದ," ಎಂದಳು. "ಕ್ಲಿನಿಕ್ಕಲ್ಲಿ ಗಂಡಸ್ರನ್ನ ಮುಟ್ತೀಯ ಅಂತ. ಹೊಡ್ದು, ಇಳಿ ಅಂದ. ಇಳಿದೆ. ಅಲ್ಲೇ ಗಾಡಿಗಳ ಮಧ್ಯೆ ನಿಂತ್ಕೊಂಡು ನಿಂಗೆ ಫೋನ್ ಮಾಡ್ದೆ. ನೀನು, ಜನ ಇದಾರೆ, ಆಮೇಲೆ ಮಾಡ್ತೀನಿ ಅಂದೆ."

ಬ್ಯಾಟರಾಯಪ್ಪನಿಗೆ ಆ ಹಾರ್ನುಗಳ ಸದ್ದು ನೆನಪಾಯಿತು. ತಾನು ಆಗ ಮೇಸ್ತ್ರಿಗಳ ಜೊತೆ ಏನು ಮಾತಾಡುತ್ತಿದ್ದೆ ಎಂಬುದು ಎಷ್ಟು ಜ್ಞಾಪಿಸಿಕೊಂಡರೂ ನೆನಪಾಗಲಿಲ್ಲ. ಮಗಳನ್ನು ಬೈಯುವ ಹಾಗಿಲ್ಲ ಎಂಬ ಕಟ್ಟಳೆಯಿತ್ತು, ತನಗೆ ಬೈದುಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ.

ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಲಕ್ಕಣ್ಣ, ಆ ಸದ್ದು ನಿಂತ ಕೂಡಲೇ ಬೀಗರು, ಮತ್ತೆ ಲಕ್ಕಣ್ಣ. ನಾಳೆ ಬಾಗಲೂರಿನಿಂದ ಚಿಕ್ಕಜಾಲದವರೆಗೆ ಯಾರು ಯಾರು ಏನೇನು ಅನ್ನುತ್ತಾರೆ ಎಂಬುದೆಲ್ಲ ಆ ಸದ್ದಿನಲ್ಲಿತ್ತು. ಹರ್ಷಿತಾ ಅವನ ಜೇಬನ್ನೇ ನೋಡುತ್ತಿದ್ದಳು. ಅವನು ಫೋನು ತೆಗೆದು, ಆರಿಸಿ, ಚಿತ್ರಾನ್ನದ ಡಬ್ಬಿಯ ಪಕ್ಕ ಕವುಚಿ ಹಾಕಿದ.

"ಈಗ ಜನ ಇಲ್ಲ," ಎಂದ. "ಹೇಳು."

ಬೆಟ್ಟ ಮರೆಯಾಯಿತು. ಅವಳು ಹೇಳುತ್ತ ಹೋದಳು. ತೊಂಡೇಭಾವಿ ಬಂತು, ಹೋಯಿತು. ಅವಳ ಮಾತು ಇನ್ನೂ ಮುಗಿದಿರಲಿಲ್ಲ.